ಮರ ಉರುಳಿದರೆ ಸೊನೆಗರ ಗತಿ ಏನು?

ಕಾಡಿನಲ್ಲಿ, ಮರದಲ್ಲಿ ನೆಲೆಸಿದ ಆತ್ಮಗಳ ಕಥೆ ಹೇಳದ ಜನ ಲೋಕದಲ್ಲಿ ಅಪರೂಪ. ಆದರೂ ಕಾದಂಬರಿಗೋ ಆಟಕ್ಕೋ ಇಂಥದೊಂದು ಕುಲವನ್ನು ಹೊಸದಾಗಿ ಸೃಷ್ಟಿಸಲು ಕುಳಿತವರು ಮೊದಲು ಕೈ ಹಾಕುವುದು ವೇಷಭೂಷಣಕ್ಕೆ. ಹಸಿರು ಕೂದಲು, ಮಿನುಗುವ ಕಣ್ಣು, ಬಳ್ಳಿಯ ಉಡುಗೆ, ಬೆರಳ ತುದಿಯಲ್ಲಿ ಬೆಳಕು. ಆಮೇಲೆ ಶಕ್ತಿಗಳ ಪಟ್ಟಿ. ಹೀಗೆ ಹುಟ್ಟಿದ ಕುಲ ನೋಡಲು ಚೆನ್ನಾಗಿರುತ್ತದೆ, ಮೂರನೆಯ ಅಧ್ಯಾಯದ ಹೊತ್ತಿಗೆ ಬಣ್ಣ ಬಿಡುತ್ತದೆ. ಏನು ಬೇಕಾದರೂ ಮಾಡಬಲ್ಲವರಿಗೆ ಏನನ್ನೂ ಮಾಡಲೇಬೇಕಾದ ತುರ್ತು ಇರುವುದಿಲ್ಲವಲ್ಲ.

ನನ್ನ ಪ್ರಕಾರ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಮರ ಉರುಳಿದರೆ ಅದರೊಳಗಿದ್ದವರ ಗತಿ ಏನು? ಇದಕ್ಕೊಂದು ಖಚಿತ ಉತ್ತರ ಸಿಕ್ಕಿತೆಂದರೆ ಆ ಕುಲದ ಸ್ವಭಾವ, ಭಯ, ಮಾಯಾಶಕ್ತಿ, ಕಟ್ಟುಕಟ್ಟಳೆ ಎಲ್ಲವೂ ಅದರ ಬೆನ್ನಿಗೇ ಬರುತ್ತವೆ. ಇಲ್ಲಿ ಸೊನೆಗರು ಎಂಬ ಕಲ್ಪಿತ ಕುಲವೊಂದನ್ನು ಹಾಗೆ ಬಿಡಿಸಿ ತೋರಿಸುತ್ತೇನೆ. ಸೊನೆಗರು ನನ್ನ ಸೃಷ್ಟಿ. ಅವರನ್ನು ಕಟ್ಟಲು ಬಳಸಿದ ಮರಗಳ ಸಂಗತಿ ಮಾತ್ರ ಅಷ್ಟೂ ನಿಜ.

ಹಳೆಯ ಕಥೆಗಳು ಈ ಪ್ರಶ್ನೆಗೆ ಬೇರೆಬೇರೆ ಉತ್ತರ ಕೊಟ್ಟಿವೆ. ಭಿಕ್ಷುಗಳು ಗಿಡಮರ ಕಡಿಯಬಾರದು ಎಂಬ ನಿಯಮ ಬೌದ್ಧರ ವಿನಯಪಿಟಕದಲ್ಲಿದೆ. ಅದು ಹುಟ್ಟಿದ ಬಗೆಯನ್ನು ಹೇಳುವ ಕಥೆ ಹೀಗಿದೆ. ಆಳವಿ ಎಂಬಲ್ಲಿ ಭಿಕ್ಷುವೊಬ್ಬ ತನ್ನ ವಸತಿಗಾಗಿ ಮರ ಕಡಿಯುತ್ತಿದ್ದಾಗ ಅದರಲ್ಲಿದ್ದ ದೇವತೆ ತನ್ನ ಮನೆ ಕೆಡವಬೇಡವೆಂದು ಬೇಡಿಕೊಂಡಿತು. ಅವನು ಕೇಳಲಿಲ್ಲ, ಕೊಡಲಿಯ ಪೆಟ್ಟು ದೇವತೆಯ ಮಗುವಿನ ತೋಳಿಗೆ ಬಿತ್ತು. ಅವನನ್ನು ಅಲ್ಲೇ ಕೊಂದುಬಿಡಬೇಕೆಂಬ ಸಿಟ್ಟು ಬಂದರೂ ತಡೆದುಕೊಂಡು ಆ ದೇವತೆ ಬುದ್ಧನಲ್ಲಿಗೆ ದೂರು ಒಯ್ಯಿತು. ಬುದ್ಧ ಅದಕ್ಕೆ ಖಾಲಿಯಿದ್ದ ಇನ್ನೊಂದು ಮರವನ್ನು ತೋರಿಸಿದ. ಇಲ್ಲಿ ಮರವೆಂದರೆ ಮನೆ. ಹೋದರೆ ನಷ್ಟ ನಿಜ, ಆದರೆ ಇನ್ನೊಂದು ಮನೆ ಹುಡುಕಿಕೊಳ್ಳಬಹುದು. ಗ್ರೀಕರ ಹಮಡ್ರಯಾಡ್‌ಗಳಿಗೆ ಆ ಅವಕಾಶವಿಲ್ಲ: ಮರದ ಜೊತೆಗೇ ಹುಟ್ಟು, ಮರದ ಜೊತೆಗೇ ಸಾವು. ಥಾಯ್ ಜನರ ನಂಬಿಕೆಯ ನಾಂಗ್ ತಕಿಯನ್ ಮರ ಕಡಿದ ಮೇಲೂ ದಿಮ್ಮಿಯನ್ನು ಬಿಟ್ಟು ಹೋಗುವವಳಲ್ಲ. ಅಂಥ ಮರಕ್ಕೆ ಬಣ್ಣದ ಬಟ್ಟೆ ಸುತ್ತಿ ಪೂಜಿಸುವುದು ಈಗಲೂ ನಡೆಯುತ್ತದೆ. ಸ್ಲಾವ್ ಜನರ ಲೇಶಿಗೆ ಒಂದು ಮರದ ಹಂಗೇ ಇಲ್ಲ. ಅವನು ಇಡೀ ಕಾಡಿನ ಯಜಮಾನ, ಮರಗಳ ನಡುವೆ ಮರದಷ್ಟು ಎತ್ತರ, ಕಾಡಿನ ಅಂಚಿಗೆ ಬಂದರೆ ಹುಲ್ಲಿನಷ್ಟು ಗಿಡ್ಡ. ದಾರಿಹೋಕರ ದಾರಿ ತಪ್ಪಿಸುವುದು ಅವನ ಚಾಳಿ. ಬಟ್ಟೆಯನ್ನು ಒಳಹೊರಗು ಮಾಡಿ ತೊಟ್ಟರೆ ಅವನ ಹಿಡಿತ ತಪ್ಪುತ್ತದಂತೆ.

ಸೊನೆಗರು ಹಮಡ್ರಯಾಡ್‌ಗಳ ಸಾಲಿಗೆ ಸೇರಿದವರು. ಮರವೇ ಅವರ ಒಡಲು, ಬಿಟ್ಟು ಹೊರಡುವಂತಿಲ್ಲ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಅದು ಗ್ರೀಕರ ಕಥೆಯ ನಕಲಷ್ಟೇ ಆಗುತ್ತದೆ. ಮುಂದಿನ ಪ್ರಶ್ನೆ ಇನ್ನೂ ಚುರುಕಾಗಿರಬೇಕು: ಮರದಲ್ಲಿ ಎಂದರೆ ಮರದ ಯಾವ ಭಾಗದಲ್ಲಿ?

ಹೆಚ್ಚಿನವರು ಥಟ್ಟನೆ ಹೇಳುವುದು ‘ನಟ್ಟನಡುವೆ, ತಿರುಳಿನಲ್ಲಿ’ ಎಂದು. ಆತ್ಮ ಒಳಗೆಲ್ಲೋ ಆಳದಲ್ಲಿರಬೇಕು ಎಂಬುದು ನಮ್ಮ ರೂಢಿಯ ಎಣಿಕೆ. ಮರದ ವಿಷಯದಲ್ಲಿ ಇದು ಪೂರ್ತಿ ತಲೆಕೆಳಗು. ವಯಸ್ಸಾದ ಮರದ ನಡುಭಾಗ, ಬಡಗಿಗಳು ಚೇಗು ಎನ್ನುವ ಗಟ್ಟಿ ಗಾಢಬಣ್ಣದ ಭಾಗ, ನಿರ್ಜೀವ. ಅದರ ಸುತ್ತಲಿನ ಎಳೆಮರದಲ್ಲಿ ನೀರು ಹರಿಯುವ ಕೊಳವೆಗಳಿವೆ; ಆ ಕೊಳವೆಗಳೂ ಸತ್ತ ಕೋಶಗಳ ಗೋಡೆಗಳೇ, ನಡುನಡುವೆ ಮಾತ್ರ ಜೀವವಿರುವ ಕೋಶಗಳು. ಕಾಂಡವನ್ನು ದಪ್ಪಗೊಳಿಸುವ ಜೀವ ಇರುವುದು ತೊಗಟೆಗೂ ಮರಕ್ಕೂ ನಡುವೆ, ಕ್ಯಾಂಬಿಯಂ ಎಂಬ ಪದರದಲ್ಲಿ. ಅದರ ದಪ್ಪ ಕೆಲವೇ ಜೀವಕೋಶಗಳಷ್ಟು. ಒಳಮುಖವಾಗಿ ಹೊಸ ಮರ, ಹೊರಮುಖವಾಗಿ ಹೊಸ ಒಳತೊಗಟೆ, ಎರಡನ್ನೂ ಕಟ್ಟುವುದು ಈ ಪದರವೇ. ನಾಲ್ಕು ಜನ ಕೈ ಸೇರಿಸಿದರೂ ತಬ್ಬಿಗೆ ಸಿಗದ ಮರವೊಂದರ ಕಾಂಡದಲ್ಲಿ ಬೆಳೆಯುತ್ತಿರುವುದು ಒದ್ದೆ ಕಾಗದದಂಥ ಈ ಒಂದು ಸುತ್ತು ಮಾತ್ರ.

ಸೊನೆಗರು ಇರುವುದು ಅಲ್ಲಿ. ಅವರು ಕಾಂಡವನ್ನು ಬಳಸಿ ನಿಂತ ತೆಳುವಾದ ಜೀವಿಗಳು. ಒಳಗೆ ತಮ್ಮದೇ ಗತಕಾಲ, ಹೊರಗೆ ತೊಗಟೆ. (ಬಹುಪಾಲು ಮರಗಳಲ್ಲಿ ಗಂಡು, ಹೆಣ್ಣು ಎರಡೂ ಒಂದೇ ಒಡಲಲ್ಲಿರುವುದರಿಂದ ಸೊನೆಗರಲ್ಲೂ ಆ ಭೇದವಿಲ್ಲ. ಹಾಗಾಗಿ ಒಬ್ಬರಿದ್ದರೂ ‘ಅವರು’ ಎಂದೇ ಬರೆಯುತ್ತೇನೆ.)

ನೆನಪು ಎಂಬ ಸತ್ತ ಮರ

ಜೀವ ಅಂಚಿನಲ್ಲಿದ್ದರೆ ನಡುವಿನಲ್ಲಿ ಏನಿದೆ? ನೆನಪು. ಋತುಗಳು ಸ್ಪಷ್ಟವಾಗಿರುವ ಕಡೆ ಮರ ವರ್ಷಕ್ಕೊಂದು ಉಂಗುರ ಕಟ್ಟುತ್ತದೆ: ಬೆಳವಣಿಗೆಯ ಆರಂಭದಲ್ಲಿ ಅಗಲವಾದ ತಿಳಿಬಣ್ಣದ ಪಟ್ಟಿ, ಕೊನೆಯಲ್ಲಿ ಒತ್ತಾದ ಕಡುಬಣ್ಣದ ಗೆರೆ. ಬರಗಾಲದ ವರ್ಷದ ಉಂಗುರ ಕಿರಿದು. ಬೆಂಕಿ ತಗುಲಿದ ವರ್ಷ ಕಪ್ಪು ಕಲೆಯಾಗಿ ಉಳಿಯುತ್ತದೆ. ಸೊನೆಗರು ಬದುಕಿದ ಪ್ರತಿಯೊಂದು ವರ್ಷವೂ ಹೀಗೆ ಅವರ ಹಿಂದೆ ಗಟ್ಟಿಯಾಗಿ, ಸತ್ತು, ನೆನಪಾಗಿ ನಿಲ್ಲುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಬೆಟ್ಟಗಳಲ್ಲಿ ಬೆಳೆಯುವ ಬ್ರಿಸಲ್‌ಕೋನ್ ಪೈನ್ ಮರಗಳಲ್ಲೊಂದಕ್ಕೆ 4,800 ವರ್ಷಕ್ಕೂ ಹೆಚ್ಚು ವಯಸ್ಸು. ಅಂಥ ಮರದ ಸೊನೆಗರಿಗೆ ಅಷ್ಟೂ ವರ್ಷಗಳು ಸಾಲಾಗಿ ನೆನಪಿರಬೇಕು.

ಇಲ್ಲೊಂದು ತೊಡಕು ತಾನಾಗಿಯೇ ಹುಟ್ಟುತ್ತದೆ, ಕಥೆ ಬರೆಯುವವರಿಗೆ ಅದು ವರ. ಮರದ ಒಳಗಿನ ಬರಹ ಓದಬೇಕೆಂದರೆ ಮರ ಕಡಿಯಬೇಕು. 1964ರಲ್ಲಿ ನೆವಾಡಾದಲ್ಲಿ ಸಂಶೋಧನೆಗೆಂದು ಬ್ರಿಸಲ್‌ಕೋನ್ ಪೈನ್ ಒಂದನ್ನು ಕಡಿದು ಉಂಗುರ ಎಣಿಸಿದಾಗ 4,800ಕ್ಕಿಂತ ಹೆಚ್ಚು ಸಿಕ್ಕವು. ಅಷ್ಟು ಹಳೆಯ ಮರ ಆವರೆಗೆ ಯಾರಿಗೂ ಗೊತ್ತಿರಲಿಲ್ಲ. ಅದರ ವಯಸ್ಸು ತಿಳಿದದ್ದು ಅದು ಸತ್ತ ಮೇಲೆ. ಕಡಿಯದೆ ಓದುವ ದಾರಿಯೂ ಇದೆ: ಟೊಳ್ಳಾದ ಬೈರಿಗೆಯನ್ನು ಕಾಂಡಕ್ಕೆ ತಿರುಗಿಸಿ, ಪೆನ್ಸಿಲ್‌ಗಿಂತ ಸಣ್ಣ ಕಡ್ಡಿಯೊಂದನ್ನು ಹೊರಗೆಳೆದು ಅದರ ಮೇಲಿನ ಗೆರೆ ಎಣಿಸುವುದು. ವಿಜ್ಞಾನಿಗಳಿಗೆ ಇದು ದಿನನಿತ್ಯದ ಕೆಲಸ. ಸೊನೆಗರ ಲೋಕದಲ್ಲಿ ಇದೇ ನೆನಪಿನ ಕಳ್ಳತನ. ಕಡ್ಡಿ ಕೈಗೆ ಸಿಕ್ಕ ಮಾಂತ್ರಿಕನಿಗೆ ಆ ಸೊನೆಗರ ಪ್ರತಿ ವರ್ಷದಿಂದಲೂ ಒಂದೊಂದು ಚೂರು ನೆನಪು ದಕ್ಕುತ್ತದೆ. ಸೊನೆಗರಿಗೆ ಆ ಚೂರುಗಳಿದ್ದ ಕಡೆಯೆಲ್ಲ ಒಂದು ತೂತು. ಯಾವುದೋ ಮಳೆಗಾಲದ ಒಂದು ಮಧ್ಯಾಹ್ನ, ಯಾರದೋ ಮುಖದ ಅರ್ಧಭಾಗ ಕಾಣೆ.

ಹಳೆಯ ಸೊನೆಗರೆಲ್ಲರಿಗೂ ಸಮಾನವಾದ ಒಂದು ನೆನಪನ್ನೂ ಮರಗಳೇ ಒದಗಿಸಿವೆ. ಜಪಾನಿನ ಸುಗಿ ಎಂಬ ಸೂಚಿಪರ್ಣಿ ಮರಗಳಲ್ಲಿ ಕ್ರಿ.ಶ. 774–775ರ ಉಂಗುರದಲ್ಲಿ ವಿಕಿರಣಶೀಲ ಇಂಗಾಲ-14 ಇದ್ದಕ್ಕಿದ್ದಂತೆ ಏರಿರುವುದನ್ನು 2012ರಲ್ಲಿ ಫುಸಾ ಮಿಯಾಕೆ ಮತ್ತು ಸಂಗಡಿಗರು ಪ್ರಕಟಿಸಿದರು. ಆಮೇಲೆ ಬೇರೆ ಖಂಡಗಳ ಮರಗಳಲ್ಲೂ ಅದೇ ವರ್ಷ ಅದೇ ಗುರುತು ಸಿಕ್ಕಿತು. ಸೂರ್ಯನಿಂದ ಸಿಡಿದ ಕಣಗಳ ಭಾರೀ ಮಳೆಯೇ ಇದಕ್ಕೆ ಕಾರಣವೆಂಬುದು ಹೆಚ್ಚಿನವರು ಒಪ್ಪಿರುವ ವಿವರಣೆ. ಮಾತು, ಸ್ವಭಾವ, ಹವಾಮಾನ ಯಾವುದೂ ಹೊಂದದ ಇಬ್ಬರು ಮುದಿ ಸೊನೆಗರ ನಡುವೆ ಸಂಪರ್ಕವಾದರೆ ಮಾತು ಶುರುವಾಗುವುದು ಆ ವರ್ಷದಿಂದಲೇ. ತಮ್ಮ ಪಂಚಾಂಗವನ್ನು ಅವರು ಅಲ್ಲಿಂದಲೇ ಎಣಿಸುತ್ತಾರೆ.

ವರ್ಷವಿಡೀ ಮಳೆ ಸುರಿಯುವ ಉಷ್ಣವಲಯದ ಕಾಡುಗಳ ಬಹಳಷ್ಟು ಮರಗಳಲ್ಲಿ ಸ್ಪಷ್ಟ ಉಂಗುರಗಳೇ ಇರುವುದಿಲ್ಲ. ಬೇಸಿಗೆಯಲ್ಲಿ ಎಲೆ ಉದುರಿಸುವ ತೇಗದಲ್ಲಿ ಉಂಟು, ಹಲವು ನಿತ್ಯಹಸಿರು ಮರಗಳಲ್ಲಿ ಇಲ್ಲ. ಆದ್ದರಿಂದ ಮಳೆಕಾಡಿನ ಸೊನೆಗರಿಗೆ ಎಲ್ಲವೂ ನೆನಪಿದೆ, ಯಾವುದು ಯಾವಾಗ ನಡೆಯಿತೆಂಬುದು ಮಾತ್ರ ಗೊತ್ತಿಲ್ಲ. ನಿನ್ನೆ ಬಂದವನನ್ನೂ ಇನ್ನೂರು ವರ್ಷದ ಹಿಂದೆ ಬಂದವನನ್ನೂ ಒಂದೇ ಉಸಿರಿನಲ್ಲಿ ವಿಚಾರಿಸುತ್ತಾರೆ. ಅಂಥವರಿಂದ ಸಾಕ್ಷ್ಯ ಹೇಳಿಸುವುದು ದೊಡ್ಡ ಫಜೀತಿ.

ಟೊಳ್ಳಾದ ಮೇಲೆ

ಮರದ ನಡುವನ್ನು ಅಣಬೆಗಳು ತಿಂದು ಟೊಳ್ಳು ಮಾಡಿದರೂ ಮರ ಶತಮಾನಗಳ ಕಾಲ ಬದುಕಬಲ್ಲದು. ತಿಂದದ್ದು ಸತ್ತ ಭಾಗವನ್ನಷ್ಟೇ. ಜೀವದ ಸುತ್ತು ಹೊರಗೆ ಭದ್ರವಾಗಿದೆ. ಗೋಡೆ ತಕ್ಕಷ್ಟು ದಪ್ಪ ಉಳಿದಿದ್ದರೆ ಟೊಳ್ಳು ಕಾಂಡ ಗಾಳಿಗೂ ಜಗ್ಗದು.

ನಮ್ಮ ನಿಯಮದ ಪ್ರಕಾರ ಇದರ ಅರ್ಥ ಸರಳ: ಟೊಳ್ಳಾದ ಮರದ ಸೊನೆಗರು ಆರೋಗ್ಯವಾಗಿದ್ದಾರೆ, ಆದರೆ ಮರೆತಿದ್ದಾರೆ. ಕೊಳೆ ಸಾಮಾನ್ಯವಾಗಿ ನಡುವಿನಿಂದ ಹೊರಕ್ಕೆ ಹಬ್ಬುವುದರಿಂದ ಮೊದಲು ಹೋಗುವುದು ಬಾಲ್ಯ. ಮನುಷ್ಯರ ಮುಪ್ಪಿನ ಮರೆವಿನಲ್ಲಿ ಬೆಳಗಿನ ತಿಂಡಿ ಮರೆತು ಬಾಲ್ಯದ ಹಾಡು ಉಳಿಯುತ್ತದೆ, ಇಲ್ಲಿ ಅದಲುಬದಲು. ಸಾವಿರ ವರ್ಷದ ಸೊನೆಗರಿಗೆ ಕಳೆದ ಶತಮಾನದ ಪ್ರತಿ ಮಳೆಯೂ ಗೊತ್ತು, ತಾವು ಯಾರ ನೆರಳಲ್ಲಿ ಮೊಳೆತೆವೆಂಬುದು ಗೊತ್ತಿಲ್ಲ. ಸ್ವೀಡನ್ನಿನ ಜನಪದ ಕಥೆಗಳ ಕಾಡಿನೊಡತಿ ಸ್ಕೂಗ್ಸ್‌ರೋ ಮುಂದಿನಿಂದ ಚೆಲುವೆ, ಬೆನ್ನು ಮಾತ್ರ ಕೊಳೆತ ಮರದಂತೆ ಟೊಳ್ಳು. ಹಳಬರ ಕಣ್ಣಿಗೂ ಟೊಳ್ಳುಮರ ಬರಿಯ ಮರವಾಗಿ ಕಂಡಿರಲಿಲ್ಲ ಎನ್ನುವುದಕ್ಕೆ ಇದೊಂದು ಸಾಕ್ಷಿ.

ಸೊನೆಗರ ಕಟ್ಟಳೆಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಈ ಮರೆವಿನ ಭಯದಿಂದ. ಅವರಲ್ಲಿ ಒಮ್ಮೆ ಕೊಟ್ಟ ಮಾತು ಶಾಶ್ವತವಲ್ಲ. ಪ್ರತಿ ವರ್ಷ ಹೊಸ ಉಂಗುರ ಕಟ್ಟತೊಡಗುವ ಹೊತ್ತಿಗೆ ಎರಡೂ ಕಡೆಯವರು ಎದುರುಬದುರು ನಿಂತು ಅದೇ ಮಾತನ್ನು ಮತ್ತೆ ಆಡಬೇಕು. ಆಗ ಒಪ್ಪಂದ ಪ್ರತಿಯೊಂದು ಉಂಗುರದಲ್ಲೂ ಇರುತ್ತದೆ. ನಡುವು ಎಷ್ಟೇ ಟೊಳ್ಳಾದರೂ ಅಳಿಯುವುದಿಲ್ಲ. ಮುತ್ತಜ್ಜ ಬರೆಸಿಕೊಂಡ ಪತ್ರ ಹಿಡಿದು ಬರುವ ಮನುಷ್ಯನನ್ನು ಅವರು ಮೋಸಗಾರನೆಂದು ತಿಳಿಯುವುದು ದುಷ್ಟತನದಿಂದಲ್ಲ. ಅವರ ಮಟ್ಟಿಗೆ ಆ ಮಾತುಕತೆ ನಡೆದೇ ಇಲ್ಲ.

ಸಿಟ್ಟಿನ ವಿಷಯದಲ್ಲಿ ಕಥೆ ಬೇರೆ. ನಮ್ಮ ಚರ್ಮದಂತೆ ಮರದ ಗಾಯ ವಾಸಿಯಾಗುವುದಿಲ್ಲ. ಏಟು ಬಿದ್ದ ಭಾಗದ ಸುತ್ತ ಮರ ರಾಸಾಯನಿಕ ಗೋಡೆಗಳನ್ನು ಎಬ್ಬಿಸಿ ಅದನ್ನು ಒಳಗೇ ಬಂಧಿಸುತ್ತದೆ, ಅದರ ಮೇಲೆ ಹೊಸ ಮರ ಬೆಳೆಸುತ್ತದೆ. ಅಮೆರಿಕದ ಅರಣ್ಯ ಸೇವೆಯ ಅಲೆಕ್ಸ್ ಶೈಗೊ ಸಾವಿರಾರು ಕಾಂಡಗಳನ್ನು ಸೀಳಿ ನೋಡಿ 1970ರ ದಶಕದಲ್ಲಿ ಇದನ್ನು ಸಿದ್ಧಾಂತವಾಗಿ ಮಂಡಿಸಿದರು. ಹೊರಗಿನಿಂದ ತೊಗಟೆ ನುಣುಪಾಗಿ ಕಂಡರೂ ಒಳಗೆ ಗಾಯ ಇದ್ದಲ್ಲೇ ಇರುತ್ತದೆ. ಮರ ಎತ್ತರವಾಗುವುದು ತುದಿಗಳಿಂದ ಮಾತ್ರ ಆದ್ದರಿಂದ ಎದೆಮಟ್ಟದಲ್ಲಿ ಹೊಡೆದ ಮೊಳೆ ನೂರು ವರ್ಷದ ಮೇಲೂ ಎದೆಮಟ್ಟದಲ್ಲೇ ಸಿಗುತ್ತದೆ, ಆದರೆ ಮರದ ಒಳಗೆ. ಸೊನೆಗರ ಮುನಿಸೂ ಹಾಗೆಯೇ. ಕ್ಷಮಿಸಿದ ಹಾಗೆ ಕಾಣುತ್ತಾರೆ, ನಗುತ್ತಲೇ ಮಾತಾಡಿಸುತ್ತಾರೆ. ಮೊಳೆ ಎಲ್ಲಿದೆ ಎಂಬುದು ಅವರಿಗೆ ಗೊತ್ತು. ಕಾಡಿನ ಆತ್ಮಗಳನ್ನು ಸದಾ ಕರುಣಾಮಯಿಗಳನ್ನಾಗಿ ಬರೆಯುವವರು ಒಮ್ಮೆ ಹಳೆಯ ಕಾಂಡವೊಂದರ ಅಡ್ಡಸೀಳು ನೋಡಬೇಕು.

ನೀರೇ ಮಾಯೆ

ಇನ್ನು ಮಾಯಾಶಕ್ತಿ. ಸೊನೆಗರ ಶಕ್ತಿಯೆಲ್ಲ ನೀರಿನ ಸೆಳೆತದಿಂದ ಬರುತ್ತದೆ. ಎಲೆಗಳ ಸಣ್ಣ ರಂಧ್ರಗಳಿಂದ ನೀರು ಆವಿಯಾದಂತೆ ಅದರ ಹಿಂದಿನ ನೀರನ್ನು, ಅದು ತನ್ನ ಹಿಂದಿನದನ್ನು, ಹೀಗೆ ಬೇರಿನವರೆಗೂ ಎಳೆಯುತ್ತ ಇಡೀ ನೀರಿನ ಎಳೆ ಬಿಗಿದುಕೊಂಡು ಮೇಲೇರುತ್ತದೆ. ಮರದೊಳಗೆ ಎಲ್ಲೂ ಪಂಪ್ ಇಲ್ಲ. ಈ ವಿವರಣೆಯನ್ನು ಹೆನ್ರಿ ಡಿಕ್ಸನ್ ಮತ್ತು ಜಾನ್ ಜೋಲಿ ಕೊಟ್ಟದ್ದು 1894ರಲ್ಲಿ. ಬಿಗಿತಕ್ಕೂ ಒಂದು ಮಿತಿಯಿದೆ: ಮರ ಹೆಚ್ಚೆಂದರೆ 122ರಿಂದ 130 ಮೀಟರ್ ಬೆಳೆಯಬಹುದೆಂದು 2004ರ ಅಧ್ಯಯನವೊಂದು ಅಂದಾಜಿಸಿತು. ಈಗ ತಿಳಿದಿರುವ ಅತಿ ಎತ್ತರದ ಮರ, ಕ್ಯಾಲಿಫೋರ್ನಿಯಾದ ರೆಡ್‌ವುಡ್, ಸುಮಾರು 116 ಮೀಟರ್.

ಇದನ್ನು ಒಪ್ಪಿಕೊಂಡ ಕೂಡಲೇ ರೂಢಿಯ ಒಂದು ನಂಬಿಕೆ ಬಿದ್ದುಹೋಗುತ್ತದೆ. ಆತ್ಮಗಳು ಇರುಳಲ್ಲಿ ಬಲಿಷ್ಠ ಎಂದು ಎಲ್ಲರೂ ಬರೆಯುತ್ತಾರೆ. ಸೊನೆಗರು ಬಲಿಷ್ಠರಾಗಿರುವುದು ಬಿಸಿಲೇರಿದಾಗ, ಎಲೆಗಳು ಭರದಿಂದ ನೀರೆಳೆಯುವಾಗ. ರಾತ್ರಿ ರಂಧ್ರಗಳು ಮುಚ್ಚಿ ಸೆಳೆತ ಸಡಿಲವಾಗುತ್ತದೆ, ಅವರು ಮಂಕಾಗುತ್ತಾರೆ. ಮರದ ಕಾಂಡ ಹಗಲಲ್ಲಿ ಕೂದಲೆಳೆಯಷ್ಟು ಕುಗ್ಗಿ ರಾತ್ರಿ ಮತ್ತೆ ಹಿಗ್ಗುತ್ತದೆ; ಸೂಕ್ಷ್ಮ ಅಳತೆಪಟ್ಟಿ ಕಟ್ಟಿದರೆ ಇದು ಕಾಣುತ್ತದೆ. ಸೊನೆಗರು ಉಸಿರಾಡುವುದು ಹೀಗೆ, ದಿನಕ್ಕೆ ಒಂದೇ ಸಲ. ಎಲೆಯುದುರಿದ ಕಾಲದಲ್ಲಿ ಅವರಿಗೆ ಮಾಯೆಯೇ ಇಲ್ಲ. ಕಾಡನ್ನು ದೋಚುವವರು ಆ ತಿಂಗಳುಗಳಿಗಾಗಿಯೇ ಕಾಯುತ್ತಾರೆ.

ಒಂದು ಮಾಯೆಯನ್ನು ಹತ್ತಿರದಿಂದ ನೋಡೋಣ. ನಡುಹಗಲಲ್ಲಿ ಮರಗಳ್ಳರ ಗುಂಪೊಂದು ಕಾಲುದಾರಿ ಹಿಡಿದು ಬರುತ್ತಿದೆ. ದಾರಿ ಮುಚ್ಚಬೇಕು. ಸೊನೆಗರು ದಾರಿಯಡಿಯ ಬೇರುಗಳಿಗೆ ನೀರು ತುಂಬುತ್ತಾರೆ. ಬೇರುಗಳು ಉಬ್ಬಿ, ಮಣ್ಣು ಬಿರಿದು, ಮೊಳಕಾಲೆತ್ತರದ ತಡೆ ಎದ್ದು ನಿಲ್ಲುತ್ತದೆ. ಆ ನೀರು ಎಲ್ಲಿಂದ ಬಂತು? ಮರದ ಒಂದು ಕೊಂಬೆಯಿಂದ. ಬರ ಬಂದಾಗ ಉಳಿದದ್ದನ್ನು ಉಳಿಸಿಕೊಳ್ಳಲು ಇಡೀ ಕೊಂಬೆಯನ್ನೇ ಒಣಗಲು ಬಿಡುವ ಮರಗಳು ನಿಜಕ್ಕೂ ಇವೆ. ಸೊನೆಗರ ಆಯ್ಕೆಯೂ ಅದೇ. ಎತ್ತರದ ಒಂದು ಕೊಂಬೆಯ ಎಲೆಗಳು ಮೊದಲು ಅಂಚಿನಲ್ಲಿ ಸುರುಳಿಯಾಗುತ್ತವೆ, ಆಮೇಲೆ ಜೋತುಬೀಳುತ್ತವೆ, ಹಳದಿಯಾಗದೆ ಹಸಿರಾಗಿಯೇ ಉದುರುತ್ತವೆ. ಕೊಂಬೆಯೊಳಗಿನ ನೀರಿನ ಎಳೆಗಳು ಒಂದೊಂದಾಗಿ ಕಡಿದು ಆ ಜಾಗಕ್ಕೆ ಗಾಳಿಗುಳ್ಳೆ ನುಗ್ಗುವಾಗ ಟಿಕ್ ಟಿಕ್ ಸದ್ದಾಗುತ್ತದೆ, ಹೆಚ್ಚಾಗಿ ಮನುಷ್ಯರ ಕಿವಿಗೆ ನಿಲುಕದಷ್ಟು ಹೆಚ್ಚಿನ ಕಂಪನದಲ್ಲಿ. ಬಾಯಾರಿದ ಮರಗಳಲ್ಲಿ ಈ ಸದ್ದನ್ನು ಉಪಕರಣಗಳು ದಾಖಲಿಸಿವೆ. ಸೊನೆಗರ ಪಾಲಿಗೆ ಅದು ನರಳಾಟ.

ಬೆಲೆ ಕಣ್ಣಿಗೆ ಕಾಣುವಂತಿದ್ದರೆ ಮಾಯೆಯನ್ನು ಪತ್ತೆಹಚ್ಚಬಹುದು. ಗಾಳಿಯಿಲ್ಲದ ದಿನ ಹಸಿರೆಲೆ ರಾಶಿ ಬಿದ್ದಿದೆಯೆಂದರೆ ಅಲ್ಲಿ ಏನೋ ನಡೆದಿದೆ ಎಂದು ಕಾಡು ಬಲ್ಲ ಬೇಟೆಗಾರ ತಿಳಿಯುತ್ತಾನೆ. ಬೋಳುಕೊಂಬೆಗಳನ್ನು ಎಣಿಸಿದರೆ ಆ ಸೊನೆಗರಲ್ಲಿ ಇನ್ನೆಷ್ಟು ಶಕ್ತಿ ಉಳಿದಿದೆ ಎಂಬ ಅಂದಾಜೂ ಸಿಗುತ್ತದೆ. ಶತ್ರುವಿಗೆ ಇದಕ್ಕಿಂತ ಬೇಕೇ?

ಅವರು ಪರಸ್ಪರ ಮಾತಾಡುವ ಬಗೆಯನ್ನು ವಿವರಿಸುವಾಗ ನಾನು ತುಸು ಬಿಗಿ. ಬೇರುಗಳೂ ಅಣಬೆಯ ಎಳೆಗಳೂ ಕೂಡಿ ಬಾಳುವ ಸಂಬಂಧಕ್ಕೆ ಜರ್ಮನಿಯ ಆಲ್ಬರ್ಟ್ ಬರ್ನಾರ್ಡ್ ಫ್ರಾಂಕ್ 1885ರಲ್ಲಿ ಮೈಕೊರೈಝಾ ಎಂದು ಹೆಸರಿಟ್ಟರು. ಅಣಬೆ ನೀರು, ಖನಿಜ ತಂದುಕೊಡುತ್ತದೆ, ಮರ ಸಕ್ಕರೆ ಕೊಡುತ್ತದೆ. 1997ರಲ್ಲಿ ಸುಝೇನ್ ಸಿಮಾರ್ಡ್ ಮತ್ತು ಸಂಗಡಿಗರು ಕೆನಡಾದ ಕಾಡಿನಲ್ಲಿ ಬರ್ಚ್ ಮತ್ತು ಫರ್ ಸಸಿಗಳ ನಡುವೆ ಇಂಗಾಲ ಸಾಗುವುದನ್ನು ತೋರಿಸಿದ ಮೇಲೆ, ಇಡೀ ಕಾಡೇ ಒಂದು ಕುಟುಂಬ, ತಾಯಿಮರ ಮಕ್ಕಳಿಗೆ ಉಣಿಸುತ್ತದೆ ಎಂಬ ಚಿತ್ರ ಜನಪ್ರಿಯವಾಯಿತು. ಕಾಡಿನಲ್ಲಿ ಸಿಕ್ಕ ಪುರಾವೆ ಇಷ್ಟು ದೊಡ್ಡ ಮಾತನ್ನು ಹೊರುವಷ್ಟು ಗಟ್ಟಿಯಿಲ್ಲವೆಂದು ಇದೇ ಕ್ಷೇತ್ರದ ಮೂವರು ವಿಜ್ಞಾನಿಗಳು 2023ರಲ್ಲಿ ಎಚ್ಚರಿಸಿದರು. ಕಲ್ಪಿತ ಲೋಕಕ್ಕೆ ಪುರಾವೆ ಬೇಕಿಲ್ಲ, ನಿಜ. ಆದರೆ ಆ ಕುಟುಂಬದ ಚಿತ್ರ ಈಗ ಎಲ್ಲ ಕಡೆ ಸವಕಲಾಗಿದೆ. ಅಣಬೆಗೂ ತನ್ನದೇ ಹೊಟ್ಟೆಪಾಡಿದೆ ಎಂಬುದು ನನಗೆ ಹೆಚ್ಚು ರುಚಿಸುವ ಸಂಗತಿ. ಹಾಗಾಗಿ ಸೊನೆಗರ ಲೋಕದಲ್ಲಿ ಅಣಬೆಗಳು ದಲ್ಲಾಳಿಗಳು. ಸುದ್ದಿ ಮುಟ್ಟಿಸುತ್ತವೆ, ಸಕ್ಕರೆಯಲ್ಲಿ ಕೂಲಿ ವಸೂಲು ಮಾಡುತ್ತವೆ, ಹೆಚ್ಚು ಕೊಟ್ಟವರ ಸುದ್ದಿ ಮೊದಲು ಸಾಗಿಸುತ್ತವೆ. ನೆರಳಲ್ಲಿ ಸೊರಗಿದ ಬಡ ಸೊನೆಗರ ಕೂಗು ಪಕ್ಕದ ಮರಕ್ಕೂ ತಲುಪದೆ ಹೋಗಬಹುದು.

ಸಾವು, ಸಾಯದಿರುವುದು, ಎಣಿಕೆ

ಈಗ ಮೊದಲ ಪ್ರಶ್ನೆಗೆ ಬರೋಣ. ಜೀವ ತೊಗಟೆಯಡಿಯ ಸುತ್ತಿನಲ್ಲಿರುವುದರಿಂದ ಸೊನೆಗರನ್ನು ಕೊಲ್ಲಲು ಮರ ಉರುಳಿಸಲೇಬೇಕೆಂದಿಲ್ಲ. ಕಾಂಡದ ಸುತ್ತ ಒಂದು ಗೇಣಗಲ ತೊಗಟೆಯನ್ನು ಉಂಗುರವಾಗಿ ಸುಲಿದರೆ ಸಾಕು. ಎಲೆಗಳಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವ ದಾರಿ ಕಡಿಯುತ್ತದೆ. ನೀರು ಮಾತ್ರ ಒಳಗಿನ ಎಳೆಮರದಲ್ಲಿ ಏರುತ್ತಲೇ ಇರುತ್ತದೆ. ಆದ್ದರಿಂದ ಸುಲಿದ ಮರ ಅಂದೇ ಸಾಯುವುದಿಲ್ಲ. ಒಂದೆರಡು ಋತು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಹಸಿರಾಗಿ ನಿಂತಿರುತ್ತದೆ, ಬೇರು ಹಸಿವಿನಿಂದ ಸಾಯುತ್ತಿರುತ್ತದೆ. ಸೊನೆಗರ ಕಥೆಯಲ್ಲಿ ಇದಕ್ಕಿಂತ ಘೋರವಾದ ಅಪರಾಧವಿಲ್ಲ. ಸಾಯುವವರಿಗೆ ತಾವು ಸತ್ತಾಯಿತೆಂಬುದು ಗೊತ್ತು, ಮಾಯಾಶಕ್ತಿ ಇನ್ನೂ ಕೈಯಲ್ಲಿದೆ, ಕಳೆದುಕೊಳ್ಳುವುದು ಏನೂ ಉಳಿದಿಲ್ಲ. ಸುಲಿದ ಮರದ ಹತ್ತಿರ ಯಾರೂ ಸುಳಿಯುವುದಿಲ್ಲ.

ವಿಚಿತ್ರವೆಂದರೆ ಕೊಡಲಿ ಇದಕ್ಕಿಂತ ಮೃದು. ಅನೇಕ ಜಾತಿಯ ಮರಗಳನ್ನು ಬುಡಮಟ್ಟ ಕಡಿದರೂ ಬುಡದಿಂದ ಚಿಗುರೊಡೆಯುತ್ತವೆ. ಸೊನೆಗರು ಅಲ್ಲಿ ಬದುಕಿ ಉಳಿಯುತ್ತಾರೆ; ಆದರೆ ನೆನಪಿನ ದಿಮ್ಮಿ ಗಾಡಿಯೇರಿ ಹೋಗಿಯಾಗಿದೆ. ಬೇರುಬುಡದಲ್ಲಿ ಉಳಿದಷ್ಟು ಮಬ್ಬು ನೆನಪಿನೊಂದಿಗೆ ಮತ್ತೆ ಮಗುವಿನಂತೆ ಶುರು. ದಿಮ್ಮಿಯಿಂದ ಮಾಡಿದ ಬಾಗಿಲಿನಲ್ಲಿ ಸೊನೆಗರಿಲ್ಲ, ಅವರ ಗತಕಾಲವಿದೆ. ಇನ್ನೊಬ್ಬ ಸೊನೆಗರ ಬೇರು ಆ ಬಾಗಿಲಿಗೆ ತಾಗಿದರೆ ಓದಿಕೊಳ್ಳಬಹುದು.

ಇನ್ನೊಂದು ದಾರಿಯನ್ನು ನ್ಯೂಜಿಲೆಂಡಿನ ಕೌರಿ ಮರವೊಂದು ತೋರಿಸಿಕೊಟ್ಟಿದೆ. ಒಂದೂ ಎಲೆಯಿಲ್ಲದ ಅದರ ಮೋಟು ಸುತ್ತಲಿನ ಮರಗಳ ಬೇರುಗಳೊಂದಿಗೆ ಬೆಸೆದುಕೊಂಡು ಅವುಗಳ ನೀರಿನ ಓಟದಿಂದಲೇ ಜೀವ ಹಿಡಿದಿದೆ ಎಂಬ ವರದಿ 2019ರಲ್ಲಿ ಪ್ರಕಟವಾಯಿತು. ಮೋಟಿನ ಸೊನೆಗರಿಗೆ ಸ್ವಂತ ಎಲೆಯಿಲ್ಲ, ಆದ್ದರಿಂದ ಮಾಯೆಯಿಲ್ಲ. ನೆರೆಯವರ ದಾಕ್ಷಿಣ್ಯದ ಮೇಲೆ ಬದುಕು. ಕುಲದ ಹಿರಿಯರನ್ನು ಹೀಗೆ ಉಳಿಸಿಕೊಳ್ಳುವುದು ಪ್ರೀತಿಯೋ, ಅಥವಾ ಅವರಲ್ಲಿ ಉಳಿದಿರುವ ನೆನಪಿನ ಆಸೆಯೋ? ಕುಲದೊಳಗೇ ಇದಕ್ಕೆ ಎರಡು ಪಂಗಡಗಳಿರಲಿ.

ಎಣಿಕೆಯ ಪ್ರಶ್ನೆಗೆ ಒಂದೇ ಉದಾಹರಣೆ ಸಾಕು. ಅಮೆರಿಕದ ಯೂಟಾ ರಾಜ್ಯದಲ್ಲಿ ಪಾಂಡೊ ಎಂಬ ಆಸ್ಪೆನ್ ತೋಪಿದೆ. ಸುಮಾರು 43 ಹೆಕ್ಟೇರ್, ಸುಮಾರು 47,000 ಕಾಂಡಗಳು, ಎಲ್ಲವೂ ಒಂದೇ ಬೇರುಜಾಲದಿಂದ ಎದ್ದ ಒಂದೇ ಜೀವಿ. ಅಲ್ಲಿ ಸೊನೆಗರು ಎಷ್ಟು ಮಂದಿ? ಕ್ಯಾಂಬಿಯಂ ಎಲ್ಲೂ ಕಡಿಯದೆ ಹಬ್ಬಿರುವವರೆಗೆ ಒಬ್ಬರೇ ಎಂಬುದು ನಿಯಮ. ಅಂದರೆ ಕಾಡಿಗೆ ಕಾಡೇ ಒಬ್ಬರು. ಒಂದು ಕಾಂಡ ಕಡಿದರೆ ಅವರಿಗೆ ಉಗುರು ಕತ್ತರಿಸಿದಷ್ಟು ನೋವು. ಆದರೆ ನಡುವೆ ಒಂದು ಅಗಲ ರಸ್ತೆ ಹಾಕಿ ಬೇರುಗಳನ್ನು ಪೂರ್ತಿ ಕತ್ತರಿಸಿದರೆ? ಎರಡೂ ಕಡೆಯವರಿಗೆ ತಾವೇ ಅಸಲಿ ಎಂಬ ಖಾತ್ರಿ, ಇಬ್ಬರಿಗೂ ಒಂದೇ ನೆನಪು. ಇಂಥ ಜಗಳಕ್ಕೆ ತೀರ್ಪು ಹೇಳುವವರು ಯಾರೂ ಇಲ್ಲ.

ಕೆಟ್ಟವರೂ ಬೇಕಲ್ಲ, ಅವರನ್ನು ಹುಡುಕಿಕೊಂಡು ಕಾಡಿನಿಂದಾಚೆ ಹೋಗಬೇಕಾಗಿಲ್ಲ. ಹಕ್ಕಿಯ ಹಿಕ್ಕೆಯಲ್ಲಿ ಬಂದ ಆಲದ ಜಾತಿಯ ಬೀಜ ಇನ್ನೊಂದು ಮರದ ಕವಲಿನಲ್ಲಿ ಮೊಳೆತು, ಬೇರುಗಳನ್ನು ನೆಲಕ್ಕಿಳಿಸಿ, ಆಸರೆ ಕೊಟ್ಟ ಮರವನ್ನು ಸುತ್ತಿ ಬಿಗಿಯುತ್ತದೆ. ಎಷ್ಟೋ ವರ್ಷಗಳ ಮೇಲೆ ಒಳಗಿನ ಮರ ಸತ್ತು ಕೊಳೆತು ಮಾಯವಾದರೆ ಉಳಿಯುವುದು ಜಾಲರಿಯಂಥ ಆಲವೊಂದೇ. ಅಷ್ಟೂ ಕಾಲ ಇಬ್ಬರು ಸೊನೆಗರು ಮೈಗೆ ಮೈ ತಾಗಿಸಿಕೊಂಡು ಬದುಕಿರುತ್ತಾರೆ. ಮೊದಮೊದಲು ಅತಿಥಿ, ಆಮೇಲೆ ಗೆಳೆಯ, ಕೊನೆಗೆ ಯಜಮಾನ. ಯಾವ ದಿನ ಅತಿಥಿ ಶತ್ರುವಾದನೆಂದು ಸತ್ತವರಿಗೂ ಹೇಳಲಾಗದು.

ಕೊನೆಯದಾಗಿ, ಸೊನೆಗರಿಲ್ಲದ ಸಸ್ಯಗಳು. ತೆಂಗು, ಈಚಲು, ಅಡಕೆ, ಬಿದಿರು ಇವುಗಳಲ್ಲಿ ಕ್ಯಾಂಬಿಯಂ ಇಲ್ಲ, ಉಂಗುರವೂ ಇಲ್ಲ. ನಿಯಮ ಪಾಲಿಸಬೇಕೆಂದರೆ ಇವುಗಳಲ್ಲಿ ಸೊನೆಗರಿರುವಂತಿಲ್ಲ, ಮಾಳಿಗೆಯೆತ್ತರದ ತೆಂಗಿನತೋಟ ಅವರ ಪಾಲಿಗೆ ಬರಿಯ ಹುಲ್ಲುಗಾವಲು. ಬಿದಿರಿಗೆ ಬೇರೆಯೇ ಕುಲ ಬೇಕು. ಅದಕ್ಕೂ ಸಾಮಗ್ರಿ ಸಿದ್ಧವಿದೆ: ಈಶಾನ್ಯ ಭಾರತದ ಒಂದು ಬಿದಿರು ಜಾತಿ ಸುಮಾರು 48 ವರ್ಷಕ್ಕೊಮ್ಮೆ, ಚೀನಾ ಮತ್ತು ಜಪಾನಿನ ಇನ್ನೊಂದು ಜಾತಿ ಸುಮಾರು 120 ವರ್ಷಕ್ಕೊಮ್ಮೆ ಒಟ್ಟಿಗೇ ಹೂಬಿಟ್ಟು ಒಟ್ಟಿಗೇ ಸಾಯುತ್ತವೆ. ನೆನಪಿಲ್ಲದ, ಮುದುಕರಿಲ್ಲದ, ಸಾವಿನ ವರ್ಷ ಮೊದಲೇ ಗೊತ್ತಿರುವ ಆ ಕುಲದ ಕಟ್ಟಳೆಗಳು ಸೊನೆಗರದ್ದಕ್ಕೆ ಯಾವ ರೀತಿಯಲ್ಲೂ ಹೊಂದುವುದಿಲ್ಲ. ವರ್ಷ ವರ್ಷ ಮಾತು ನವೀಕರಿಸಿ ಎಂದು ಅವರಿಗೆ ಹೇಳಿದರೆ, ಹೂವಿನ ವರ್ಷ ಬರುವ ತನಕ ಯಾವ ಮಾತೂ ಮುರಿಯುವುದಿಲ್ಲ, ಅದು ಬಂದ ಮೇಲೆ ಯಾವ ಮಾತೂ ಉಳಿಯುವುದಿಲ್ಲ ಎಂದು ನಕ್ಕಾರು.